ಷರಾ

ಗುಡಿಬಂಡೆಯ ಪಡುವಣಕ್ಕೆ, ಬಂಡೆ ಬುಡದ ಹೊಲ.
ಸರ್ವೆ ನಂಬರು ನಲವತ್ತೊಂದು ಬಾರ್ ಮೂರು.
ಕೋಲು ಹಿಡಿದು ನಾನು ಮೇಲೆ ನಿಂತೆ.
ಶಾಹಿದಾ ಮೇಡಂ ಕೆಳಗಿನಿಂದ ಒಂದು ಕಣ್ಣು ಮುಚ್ಚಿ
ಇಳಿಜಾರು ಎಂಟು, ಎಂದರು.
ಬರೆದೆ.

ನಕ್ಷೆಗೆ ಮೂರೇ ಬಣ್ಣ.
ಕೆಂಪೆಂದರೆ ಕೊಚ್ಚಿಹೋಗುವ ಭಯ ಹೆಚ್ಚು.
"ನಮ್ದು ಮೊದ್ಲೇ ಕೆಂಪಲ್ವಾ" ಎಂದಳು ನಾರೆಮ್ಮ
ಕಡಲೆಕಾಯಿ ಬಿಡಿಸುತ್ತ, ನಕ್ಷೆ ಕಡೆ ನೋಡದೆ.

ಆಮೇಲೆ ಎದ್ದು, ಸೆರಗು ಕೊಡವಿ,
ಹೊಂಗೆ ಮರದ ಬುಡಕ್ಕೆ ಕರೆದಳು.
"ನಾನು ಮದುವೆಯಾಗಿ ಬಂದಾಗ ಈ ಬೇರು ಮಣ್ಣೊಳಗಿತ್ತು.
ದೊಡ್ಡ ಮಗಳು ಹುಟ್ಟಿದ ವರ್ಷ ಎಡವೋಕೆ ಶುರು.
ಈಗ ಮಣೆ."
ಕೂತು ತೋರಿಸಿದಳು.

ಮೇಡಂ ಟೇಪು ಹಿಡಿದರು, ನಾರೆಮ್ಮ ಕೈ ಹಿಡಿದಳು:
ಒಂದು ಗೇಣು, ಮೇಲೆ ಎರಡು ಬೆರಳು.
ಫಾರಂನಲ್ಲಿ ಬೇರಿಗೆ ಕಲಂ ಇರಲಿಲ್ಲ,
ಷರಾದಲ್ಲಿ ಸಣ್ಣಕ್ಷರದಲ್ಲಿ ತುರುಕಿದೆ.

ಹೋದ ಮಣ್ಣೆಲ್ಲಿ?
ಗದ್ದ ಎತ್ತಿ ಕೆಳಗೆ ತೋರಿಸಿದಳು:
ಓರಗಿತ್ತಿ ಚಿನ್ನಕ್ಕನ ರಾಗಿ,
ತೆನೆ ಭಾರಕ್ಕೆ ಬದುವಿನ ಮೇಲೆ ಒರಗಿತ್ತು.
"ಭಾಗ ಆದಾಗ ಮೇಲಿಂದೇ ಬೇಕು ಅಂತ
ಹಟ ಹಿಡಿದೋಳು ನಾನೇ.
ಬಂಡೆ ನೆರಳಿತ್ತಲ್ಲ."
ಅಂದಿನಿಂದ ಮಳೆ ಬಂದಾಗೆಲ್ಲ ಭಾಗ ಆಗುತ್ತಲೇ ಇದೆ,
ಪತ್ರವಿಲ್ಲ, ಪಂಚರಿಲ್ಲ.
ಚಿನ್ನಕ್ಕ ಮಾತ್ರ ಕೊಯ್ಲಿಗೊಮ್ಮೆ
ಎರಡು ಸೇರು ರಾಗಿ ಕಳಿಸುತ್ತಾಳಂತೆ.
ಯಾಕೆಂದು ಇವಳೂ ಕೇಳಿಲ್ಲ.

ಚೀಲಕ್ಕೆ ಅರ್ಧ ಕೆಜಿ ಮಣ್ಣು ತುಂಬಿ
ಚೀಟಿ ಕಟ್ಟಿದೆವು. ಜೀಪು ತಿರುಗಿತು.
ಹಿಂದಿನಿಂದ ಕೂಗು:
"ಪರೀಕ್ಷೆ ಆದ್ಮೇಲೆ ಅದನ್ನ ವಾಪಸ್ ತಂದಾಕಿ!
ಮೇಲ್ಗಡೆನೇ ಆಕಿ,
ಹೆಂಗೂ ಕೆಳಕ್ಕೆ ಬತ್ತದೆ."