ಹಾಕಿಕೊಂಡಳು

ಭಾನುವಾರ. ಕೌಲ್ ಬಜಾರಿನ ಜೀನ್ಸ್ ಘಟಕಕ್ಕೆ ರಜೆ.
ಹದಿನಾಲ್ಕು ಮಿಷನ್ನುಗಳು ತಲೆ ಬಗ್ಗಿಸಿ ಕೂತಿವೆ.
ನಡುವೆ ನಾವು ಆರು ಜನ,
ಒಗ್ಗರಣಿ-ಮಿರ್ಚಿ ಪೊಟ್ಟಣ ಬಿಚ್ಚಿಟ್ಟು
ನಾಲ್ಕು ಪುಟದ ಒಂದು ಕಥೆಗೆ.
ಜೆರಾಕ್ಸ್ ನನ್ನದು, ಆರಿಸಿದ್ದೂ ನಾನೇ.
ಇಪ್ಪತ್ತಾರು ವರ್ಷ ಇದನ್ನೇ ಪಾಠ ಮಾಡಿದ ಧೈರ್ಯ.

ಕಥೆಯಲ್ಲಿ ಹೆಚ್ಚೇನೂ ಆಗುವುದಿಲ್ಲ.
ಅಣ್ಣ ಬರುತ್ತಾನೆ, ನೀರು ಕುಡಿಯುತ್ತಾನೆ,
ಹಿಸ್ಸೆ ಬಿಟ್ಟ ಕಾಗದಕ್ಕೆ ತಂಗಿಯ ಸಹಿ ಪಡೆದು ಹೋಗುತ್ತಾನೆ.
ಕೊನೆಯ ಸಾಲು:
ಆಕೆ ಬಾಗಿಲು ಹಾಕಿಕೊಂಡಳು.

ತ್ಯಾಗ, ಎಂದು ಬರೆಸುತ್ತಿದ್ದೆ. ಐದು ಅಂಕ.

ಎರ್ರೆಮ್ಮ ಮಿರ್ಚಿಯ ತೊಟ್ಟು ಬದಿಗಿಟ್ಟು
"ಆ ಅಣ್ಣ ಚೊಂಬು ನೆಲಕ್ಕಿಟ್ಟನಾ, ಆಕೀ ಕೈಗೆ ಕೊಟ್ಟನಾ,
ಬರದೇ ಇಲ್ಲಲ್ಲ" ಅಂತ
ಯಾರಿಗೂ ಅಲ್ಲದೆ ಗೊಣಗಿದಳು.

ಹೊನ್ನೂರಬಿಯ ಓದು ನಿಧಾನ.
ತಪ್ಪು ಹೊಲಿಗೆ ಬಿಚ್ಚುವುದು ವಾರವಿಡೀ ಆಕೆಯ ಕೆಲಸ.
ನೂಲಿನಡಿ ಮೊನೆ ತೂರಿಸಿ
ಬಟ್ಟೆಗೆ ಗೊತ್ತಾಗದ ಹಾಗೆ, ಒಂದೊಂದೇ.
ನೀಲಿ ಕಚ್ಚಿದ ಬೆರಳು ಅಕ್ಷರದ ಮೇಲೆ ನಿಂತು,
ಹಿಂದೆ ಸರಿದು, ಮತ್ತೆ ನಿಂತು,
"ಸಾರ್, ಕಾಗದಕ್ಕೆ ಸಹಿ 'ಹಾಕಿದಳು' ಅಂತೈತಿ.
ಬಾಗಿಲಿಗೆ ಮಾತ್ರ 'ಹಾಕಿಕೊಂಡಳು'.
ಎರಡೂ ಹಾಕೋದೇ. ಆದ್ರ
ಒಂದು ಅವನಿಗೆ. ಒಂದು ತನಗೆ."

"ಬಿಸಿಲಿಗೆ ಹಾಕ್ಯಂಡಿರ್ತಾಳ ಬಿಡಬೇ," ಗಾದಿಲಿಂಗ ನಕ್ಕ.
"ನಮ್ಮೂರಾಗ ಹನ್ನೊಂದಕ್ಕ ಎಲ್ಲಾರೂ ಹಾಕ್ಯಂತಾರ."
ಅದೂ ಖರೆ. ಎಲ್ಲರೂ ಮೊದಲ ಪುಟಕ್ಕೆ ಮರಳಿದೆವು,
ಹುಡುಕಿದೆವು, ಎರಡನೇ ಸಾಲಿನಲ್ಲೇ ಸಿಕ್ಕಿತು:
ದೀಪ ಹಚ್ಚುವ ಹೊತ್ತು.
ಬಿಸಿಲಿರಲಿಲ್ಲ.

"ಹಂಗಾದ್ರ," ಎರ್ರೆಮ್ಮ ಅಂದಳು,
"ಹೊಲ ಕೊಟ್ಟು ಬಾಗಿಲು ಕೊಂಡಳು."

ಉಟ್ಟುಕೊಂಡಳು, ಇಟ್ಟುಕೊಂಡಳು, ನಕ್ಕುಕೊಂಡಳು.
ವ್ಯಾಕರಣದ ಪಿರಿಯಡ್ಡಿನಲ್ಲಿ ಪಟ್ಟಿ ಬರೆಸಿದವನು ನಾನು,
ಪಕ್ಕದ ಪಿರಿಯಡ್ಡಿನ ಈ ಬಾಗಿಲ ತನಕ
ಒಮ್ಮೆಯೂ ನಡೆದು ಬಂದಿರಲಿಲ್ಲ.

ಕರೆಂಟು ಹೋಯಿತು. ಫ್ಯಾನು ನಿಲ್ಲುತ್ತ ನಿಲ್ಲುತ್ತ
ನೂಲಿನ ನೀಲಿ ಧೂಳನ್ನು ಪುಟಗಳ ಮೇಲಿಳಿಸಿತು.
ಮಂಡಕ್ಕಿ ಹಂಚಿಕೊಂಡು ಎದ್ದರು. ಮುಂದಿನ ವಾರಕ್ಕೆ
ಕಥೆ ಬ್ಯಾಡ, ನಿಜವಾಗಿ ನಡೆದದ್ದು ತರ್ರಿ ಅಂದರು.

ನಾನು ಕೂತೇ ಇದ್ದೆ.
ಯಾವುದೋ ವರ್ಷ, ಒಂದು ಉತ್ತರ ಪತ್ರಿಕೆಯಲ್ಲಿ
ಒಬ್ಬ ಹುಡುಗಿ ತ್ಯಾಗ ಎಂದಿರಲಿಲ್ಲ,
ಸಿಟ್ಟು ಎಂದಿದ್ದಳು. ಅಷ್ಟೇ, ಒಂದೇ ಪದ.
ಒಂದೂವರೆ ಕೊಟ್ಟಿದ್ದೆ.
ಹೆಸರು ನೆನಪಿಲ್ಲ.
ಅಕ್ಷರ ಎಡಕ್ಕೆ ವಾಲುತ್ತಿತ್ತು.