ಅಳತೆ ಪುಸ್ತಕ

ಗುತ್ತಲು ರಸ್ತೆಯ ನನ್ನ ಅಂಗಡಿಗೆ
ಹಗಲು ಬರುವವರದು ಹೆಸರು, ಬೀದಿ, ಫೋನ್ ನಂಬರು,
ಎದೆ, ಸೊಂಟ, ತೋಳು, ಕುತ್ತಿಗೆಯ ಆಳ,
ಎಲ್ಲ ಬರೆದಿಟ್ಟಿದ್ದೇನೆ.
ಅವಳದು ಮಾತ್ರ ಕೊನೆಯ ಹಾಳೆ.
ಹೆಸರಿಲ್ಲ. ‘ರಾತ್ರಿ’ ಅಂತ ಒಂದು ಪದ,
ಅದರ ಕೆಳಗೆ ನಾಲ್ಕು ಅಂಕಿ.

ಮೊದಲು ಬಂದದ್ದು ಆಷಾಢದ ಮಧ್ಯಾಹ್ನ.
ಮೇಷ್ಟರ ಹೆಂಡತಿ ಫಾಲ್ ಹೊಲಿಸಲು ಕೂತಿದ್ದರು.
ಇವಳು ಚಪ್ಪಾಳೆ ತಟ್ಟಲಿಲ್ಲ,
ಬಾಗಿಲಲ್ಲಿ ನಿಂತು ಕೆಮ್ಮಿದಳು.
ಕೈಯಲ್ಲಿ ಗಿಣಿಹಸಿರು ತುಂಡು, ಮುಕ್ಕಾಲು ಮೀಟರು.
‘ಎಂಟು ಗಂಟೆ ಮೇಲೆ ಬಾ, ಜನ ಇರಲ್ಲ’ ಅಂದೆ.
ಒಳ್ಳೆ ಮಾತಲ್ಲೇ ಅಂದೆ.
ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ.

ಬಂದಳು, ಎಂಟರ ಮೇಲೆ.
ಶಟರು ಅರ್ಧ ಎಳೆದು ಟೇಪು ಅವಳ ಕೈಗೇ ಕೊಟ್ಟೆ:
‘ನೀನೇ ಹಿಡ್ಕೊ, ನಾನು ನೋಡಿ ಬರ್ಕೋತೀನಿ.’
ತನ್ನ ಬೆನ್ನು ತಾನೇ ಅಳೆಯಲು ಯಾರಿಗೆ ಬರುತ್ತದೆ?
ಆ ರವಿಕೆ ಕಂಕುಳಲ್ಲಿ ಹಿಡಿಯಿತು, ಬೆನ್ನಲ್ಲಿ ಉಬ್ಬಿತು.
‘ಚೆಂದಾಗದೆ ಕಣಕ್ಕ’ ಅಂದು ದುಡ್ಡೆಣಿಸಿ ಹೋದಳು.
ಮೂರು ವರ್ಷ ಅದೇ ತಪ್ಪಳತೆಗೆ ಹೊಲಿದೆ.

ಮಾದೇಶ ಅಂತಿದ್ದದ್ದರ
ಕೊನೆಯ ಅಕ್ಷರ ಬಿಚ್ಚಿ, ಇನ್ನೊಂದು ಕೂಡಿಸಿ
ಮಾದೇವಿ ಆಗಿದ್ದಳು.
ಎಷ್ಟು ಸಣ್ಣ ಆಲ್ಟ್ರೇಶನ್ನು!
ಅಪ್ಪ ಅದಕ್ಕೇ ಕದ ಹಾಕಿದ್ದ.
ಅವ್ವ ಹಿತ್ತಲಿಂದ ಹಳೇ ಸೀರೆ ಎಸೆದಿದ್ದಳಂತೆ,
ಉಡಲಿ ಅಂತಲೋ, ಹೊದೆಯಲಿ ಅಂತಲೋ,
ಇವಳು ಕೇಳಲಿಲ್ಲ.

ಕಾರ್ಖಾನೆ ಕಬ್ಬರೆಯುವ ದಿನಗಳು.
ಮಂಡ್ಯಕ್ಕೆ ಮಂಡ್ಯವೇ ಕಾಕಂಬಿ ವಾಸನೆ.
ತೂಕಕ್ಕೆ ಸಾಲು ನಿಂತ ಟ್ರ್ಯಾಕ್ಟರುಗಳ ನಡುವೆ
ಮೂವರು ಹುಡುಗರು. ಒಬ್ಬ ಫೋನಿನ ಬೆಳಕು ಹಿಡಿದವನು.
ಲೋಡಿನಿಂದಲೇ ಎಳೆದ ಜಲ್ಲೆಗಳು.
‘ಏನದೆ ನೋಡವ’ ಅಂದರಂತೆ.
ಸುತ್ತ ಇದ್ದವರ ಬೀಡಿ
ಬೆರಳು ಸುಡುವ ತನಕ ಉರಿಯಿತು.

ಮಾರನೆ ದಿನ ಅವಳ ಜೊತೆಯವಳು ತಂದಳು
ಕವರಿನಲ್ಲಿ ಸುತ್ತಿದ ಗಿಣಿಹಸಿರು.
‘ಹುಸಾರಾದ್ಮೇಲೆ ಇದ್ನೇ ಹಾಕ್ಕತಾಳಂತೆ, ಒಂಚೂರು ಹೊಲ್ಕೊಡಿ.’
ಎಡತೋಳು ಹೋಗಿತ್ತು.
ನನ್ನ ಹೊಲಿಗೆ ಬಿಟ್ಟಿರಲಿಲ್ಲ, ಬಟ್ಟೆಯೇ ಹರಿದಿತ್ತು.
ಒಂದು ಗಳಿಗೆ ಅದಕ್ಕೆ ಹೆಮ್ಮೆಪಟ್ಟೆನಲ್ಲ, ಥೂ.
ಮಿಷನ್ನಿನ ಮೇಲಿಟ್ಟು ಮಲಗಿದೆ.
ಬೆಳಿಗ್ಗೆ ಎದ್ದರೆ ಇರುವೆ ಸಾಲು,
ಗೋಡೆಯಿಂದ ಕೊರಳ ಪಟ್ಟಿಯವರೆಗೆ.
ರಕ್ತಕ್ಕಲ್ಲ,
ಕಬ್ಬಿನ ಹಾಲಿಗೆ.

ಠಾಣೆಯಲ್ಲಿ ಬರೆದುಕೊಂಡದ್ದು: ಮಾದೇಶ, ಗಂಡು.
‘ಆ ಹೊತ್ನಲ್ಲಿ ನಿಂಗೆ ಅಲ್ಲೇನು ಕೆಲ್ಸ?’
‘ರವ್ಕೆ ಇಸ್ಕೊಳಕ್ಕೆ ಹೋಗಿದ್ದೆ ಸಾ.’
ನಕ್ಕರಂತೆ. ಯಾವ ಟೈಲರು ರಾತ್ರಿ ಕೊಡ್ತಾನೆ ರವ್ಕೆ?
ಅವಳು ನನ್ನ ಹೆಸರು ಹೇಳಲಿಲ್ಲ.
ಎಂಟು ಗಂಟೆ ಅಂದವಳು ನಾನು.
ಅವಳು ಹೇಳಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಗಂಡಸರ ವಾರ್ಡು ಒಲ್ಲೆ ಅಂತು,
ಹೆಂಗಸರದು ಇಲ್ಲಿಗ್ಯಾಕೆ ಅಂತು,
ಮೆಟ್ಟಿಲ ಬುಡದಲ್ಲಿ ಎರಡು ದಿನ ಮಲಗಿದ್ದಳು.
ಕಿತ್ತಳೆ ಕೊಂಡು ನಾನೂ ಹೋದೆ,
ಗೇಟಿನವರೆಗೆ.
ಆ ಹಣ್ಣು ಏನು ಮಾಡಿದೆನೋ ಈಗ ನೆನಪಾಗುತ್ತಿಲ್ಲ.

ಯುಗಾದಿ ಕಳೆದು ಬಂದಳು. ಹಗಲು ಹನ್ನೊಂದಕ್ಕೆ.
ನಾನೇ ಹೇಳಿ ಕಳಿಸಿದ್ದೆ.
ಮೇಷ್ಟರ ಹೆಂಡತಿ ತಮ್ಮ ತುಂಡುಗಳನ್ನು
ಒಂದೊಂದೇ ಎಣಿಸಿ ಚೀಲಕ್ಕೆ ಹಾಕಿಕೊಂಡು ಎದ್ದರು.
ಟೇಪು ತಾಗಿದ್ದೇ ಬೆಚ್ಚಿದಳು. ನಾನೂ.
ಕೂಡಿಕೊಂಡ ಮೂಳೆ, ಎಡಭುಜ ಅರ್ಧ ಇಂಚು ಇಳಿದಿತ್ತು.
ಎರಡು ಭುಜಕ್ಕೆ ಎರಡು ಅಳತೆ ಬರೆದೆ,
ಹೊಸ ಹಾಳೆಯಲ್ಲಿ, ಮೇಲೆ ಹೆಸರು.
ದೀರ್ಘ ಬಿಟ್ಟುಹೋಗಿತ್ತು, ತಿದ್ದಿದೆ.

‘ಒಳಗೆ ಎಷ್ಟು ಬಟ್ಟೆ ಬಿಡ್ಲಿ?’
‘ಜಾಸ್ತೀನೆ ಬುಡಕ್ಕ, ಮುಂದಕ್ಕೆ ಬಿಚ್ಕೊಳಕ್ಕಾಯ್ತದೆ.’
ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ತಿರುಗಿ,
ರೂಢಿಯಂತೆ ದನಿ ತಗ್ಗಿಸಿ ಕೇಳಿದಳು:
‘ಇಸ್ಕೊಳಕ್ಕೆ ಎಷ್ಟೊತ್ಗೆ ಬರ್ಲಿ?’