ಅಂಜನ ನೋಡಿದವನು

ಹತ್ತು ವರ್ಷದೊಳಗಿನ ಹುಡುಗ ಬೇಕಂತೆ,
ಹಾಲುಹಲ್ಲು ಪೂರಾ ಬಿದ್ದಿರಬಾರದಂತೆ.
ಪಡುಕರೆಯಲ್ಲಿ ಆ ದಿನ ಕೈಗೆ ಸಿಕ್ಕಿದ್ದು ನಾನು.

ಮೂರು ವಾರದಿಂದ ರಂಪಣಿ ಬಲೆ ಖಾಲಿ.
ಎಳೆದರೆ ಏಡಿ, ಪಾಚಿ, ಯಾರದೋ ಹವಾಯಿ ಚಪ್ಪಲಿ.
ತಂಡೇಲ ಐತಪ್ಪ ಶ್ರೀಯಾನರ ಚಾವಡಿಯಲ್ಲಿ
ವೀಳ್ಯದೆಲೆಗೆ ಮಸಿ ಬಳಿದು
ಹೊಳೆಯಾಚೆಯಿಂದ ಬಂದ ಮಂತ್ರವಾದಿ
ನನ್ನ ಕತ್ತು ಬಗ್ಗಿಸಿ ಹಿಡಿದ:
“ಯಾರ ಮುಖ ಕಾಣ್ತದೆ, ಹೇಳು.”

ಕಂಡದ್ದು ದೀಪದ ಕುಡಿ.
ಅದರ ಪಕ್ಕ ನನ್ನದೇ ಮೂಗು, ಎಣ್ಣೆಯಲ್ಲಿ ಅಗಲವಾಗಿ.
ಹಿಂದೆ ನಿಂತವರ ಉಸಿರಲ್ಲಿ ಕಳ್ಳಿನ ಹುಳಿ.
ಮೊದಲೇ ಜಗಲಿಯಲ್ಲಿ ಅವರು ಆಡಿಕೊಂಡ ಹೆಸರು
ನನ್ನ ಬಾಯಲ್ಲಿತ್ತು, ಬೆಲ್ಲದ ಚೂರಿನ ಹಾಗೆ.
ಕಾಲು ಜೋಮು ಹಿಡಿದಿತ್ತು. ಮನೆಗೆ ಹೋಗಬೇಕಿತ್ತು.
“ಸೇಸಕ್ಕ” ಅಂದೆ.

ಅವಳ ಮನೆ ತಡಕಿದರು.
ಮಡಲಿನ ತಟ್ಟಿಯ ಸಂದಿಯಲ್ಲಿ ಸಿಕ್ಕಿತು ಸಾಕ್ಷಿ:
ಬಾಚಿ ಉದುರಿದ ತಲೆಕೂದಲ ಉಂಡೆ.
“ಅದು ನನ್ನದೇ ಕೂದಲು ಮಾರಾಯ್ರೇ” ಅಂದಳು.
ಅದಕ್ಕೇ, ಅಂದರು.
ಆ ರಾತ್ರಿ ನನ್ನ ಅಮ್ಮ ಬಾಗಿಲು ಹಾಕಿಕೊಂಡು
ನಮ್ಮ ತಟ್ಟಿಯ ಸಂದಿಯಿಂದ ಒಂದೊಂದೇ ಉಂಡೆ ತೆಗೆದು
ಒಲೆಗೆ ಹಾಕಿದಳು. ವಾಸನೆ ಬೆಳಗಿನವರೆಗೆ.
ಕೇರಿಯ ಎಲ್ಲ ಮನೆಯಿಂದಲೂ ಅದೇ ವಾಸನೆ.

ದೋಣಿಯವ ಹತ್ತಿಸಿಕೊಳ್ಳಲಿಲ್ಲ.
ಇಳಿತದ ಹೊತ್ತು ನೋಡಿ, ಸೊಂಟದ ನೀರಲ್ಲಿ
ಹೊಳೆ ದಾಟಿದಳು ಸೇಸಕ್ಕ,
ತಲೆಯ ಮೇಲೆ ಮೀನಿನ ಬುಟ್ಟಿ,
ಬುಟ್ಟಿಯೊಳಗೆ ಕಾವಿಗೆ ಕೂತ ಹೇಂಟೆ.

ಮರುವಾರ ಬೂತಾಯಿ ಬಂತು, ದಡ ಪೂರಾ ಬೆಳ್ಳಿ.
ಆ ಮೀನಿನ ಹೆಸರಲ್ಲಿ ಭೂತವೂ ತಾಯಿಯೂ
ಒಟ್ಟಿಗೇ ಕೇಳಿಸುವುದು ನನಗೊಬ್ಬನಿಗೋ ಏನೋ.
ಇನ್ನು ಸಂಶಯ ಯಾರಿಗೆ?
ನನಗೊಂದು ಹೊಸ ಚಡ್ಡಿ ಹೊಲಿಸಿದರು, ಕಿಸೆ ಇದ್ದದ್ದು.

ಆಮೇಲಿಂದ ಕಡಲಿಗೂ ಹೊಳೆಗೂ ನಡುವಿನ ಹಾದಿಯಲ್ಲಿ
ನಡುರಾತ್ರಿ ಒಂದು ಕೂಗು:
“ಮೀನ್ ಬೋಡಾ?”
ಒಂದೇ ಸಲ ಕರೆದರೆ ಓಗೊಡಬೇಡಿ,
ಕುಲೆ ಎರಡನೇ ಸಲ ಕರೆಯುವುದಿಲ್ಲ.
ಕಂಡವರಿದ್ದಾರೆ: ಕಾಲು ಮರಳಿಗೆ ತಾಗುವುದಿಲ್ಲವಂತೆ,
ಸೆರಗಿನಿಂದ ನೀರು ತೊಟ್ಟಿಕ್ಕುತ್ತದಂತೆ.

ಮೀಸೆ ಬಂದ ಮೇಲೆ ಒಮ್ಮೆ ಕಟಪಾಡಿ ಪೇಟೆಗೆ ಹೋಗಿದ್ದೆ.
ಕುಲೆ ಗೋಣಿ ಹಾಸಿ ಕೂತು ಮೊಟ್ಟೆ ಮಾರುತ್ತಿತ್ತು.
ಮುಂದಿನ ಹಲ್ಲು ಹೋಗಿತ್ತು.
ಎರಡೂ ಕಾಲು ನೆಲದ ಮೇಲೆಯೇ, ಹಿಮ್ಮಡಿ ಒಡೆದು.
“ಚಾವಡಿಯ ಹುಡುಗ ಅಲ್ವಾ ನೀನು?
ಆವತ್ತು ಎಲೆಯಲ್ಲಿ ಏನು ಕಂಡಿತ್ತು, ನಿಜ ಹೇಳು.
ನನಗೂ ಗೊತ್ತಾಗಲಿ.”

ಹತ್ತು ಮೊಟ್ಟೆ ಕೊಡಿ, ಅಂದೆ.
ಬೈಹುಲ್ಲಿನಲ್ಲಿ ಸುತ್ತಿ ಕೊಟ್ಟಳು.
ಮನೆಗೆ ಬಂದು ಎಣಿಸಿದರೆ ಹನ್ನೊಂದು.

ಆ ರಾತ್ರಿಯೂ ಕೂಗು ಬಂತು.
ಪಕ್ಕದ ಮನೆಯವರು ದೀಪ ಆರಿಸಿದರು.
ನಾನು ಚಾಪೆಯ ಮೇಲೆ ಎದ್ದು ಕೂತು,
ಯಾರಿಗೂ ಕೇಳದಷ್ಟು ಮೆಲ್ಲಗೆ,
“ಬೋಡು” ಅಂದೆ.